ಬಡೇಬೀ ತೊಡಿಸಿದ ಹಸಿರು ಬಳೆ

ಬಡೇಬೀಯ ಬಾಯಿಗೆ ಹೆದರದ ಹೆಣ್ಣು ಬಸರಿಗಟ್ಟಿಯಲ್ಲಿ ಇರಲಿಲ್ಲ. ಅವಳ ಕೈಗೆ ಕೈ ಕೊಡದ ಹೆಣ್ಣೂ ಇರಲಿಲ್ಲ. ದೇವದುರ್ಗದಿಂದ ಮಾನ್ವಿಗೆ ಹೋಗುವ ದಾರಿಯಲ್ಲಿ ಬಸ್ಸು ನಿಂತು ಮುಂದೆ ಹೋಗುವಷ್ಟು ದೊಡ್ಡ ಊರು ಅದು. ಒಂದು ಅಕ್ಕಿ ಗಿರಣಿ, ಒಂದು ಪೊಲೀಸ್ ಠಾಣೆ, ಎರಡು ಚಹಾದಂಗಡಿ, ಬುಧವಾರಕ್ಕೊಂದು ಸಂತೆ. ಠಾಣೆಯ ಎದುರು, ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ, ಬಡೇಬೀ ಗೋಣಿತಟ್ಟು ಹಾಸಿಕೊಂಡು ಬಳೆ ಮಾರುತ್ತಿದ್ದಳು. ತೊಡಿಸುವಾಗ ಬೈಯದೆ ಇರುತ್ತಿರಲಿಲ್ಲ.

"ಕೈ ಯಾಕ ಹಂಗ ಬಿಗಿ ಹಿಡೀತಿ? ನಾ ಏನು ಕಡಕೊಂಡು ತಿಂತೀನೇನು? ಅತ್ತಿ ಮ್ಯಾಲಿನ ಸಿಟ್ಟು ನನ್ನ ಬಳಿ ಮ್ಯಾಲ ತೀರಸ್ಕೊಬ್ಯಾಡ!"

ಹುಡುಗಿ ನಕ್ಕುಬಿಡುತ್ತಿದ್ದಳು. ನಕ್ಕಾಗ ಕೈ ಸಡಿಲಾಗುತ್ತದೆ. ಆ ಗಳಿಗೆಯಲ್ಲಿ ಬಳೆ ಗೆಣ್ಣು ದಾಟಿ ಒಳಗೆ ಜಾರಿರುತ್ತಿತ್ತು. ಬೈಗುಳ ಅವಳ ಕಸುಬಿನ ಅರ್ಧ ಭಾಗ. ತೊಡಿಸುವಾಗ ಒಡೆದ ಬಳೆ ಬಳೆಗಾರ್ತಿಯ ಲೆಕ್ಕಕ್ಕೆ ಎನ್ನುವುದು ಎಲ್ಲ ಕಡೆಯ ರೂಢಿ. ಬಡೇಬೀಗೆ ಆ ನಷ್ಟ ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ಅವಳಿಗೊಂದು ಹಟವಿತ್ತು. ಗಂಡ ಸತ್ತವಳಿಗೆ ಯಾವ ಬಳೆಗಾರ್ತಿಯೂ ಹಸಿರು ಬಳೆ ತೊಡಿಸುವುದಿಲ್ಲ, ಅದರಲ್ಲಿ ವಿಶೇಷವಿಲ್ಲ. ಬಡೇಬೀ ಇನ್ನೂ ಒಂದು ಹೆಜ್ಜೆ ಮುಂದೆ. ದುಡಿಯಲು ಹೈದರಾಬಾದಿಗೋ ಮುಂಬಯಿಗೋ ಹೋದ ಗಂಡನಿಂದ ಬಹಳ ದಿನ ಸುದ್ದಿಯಿಲ್ಲದ ಹೆಣ್ಣು ಬಂದು ಕೈ ಚಾಚಿದರೆ, "ಈಗ ಹೋಗು, ಬರೂ ಸಂತಿಗಿ ಬಾ" ಎಂದು ಕಳಿಸುತ್ತಿದ್ದಳು. ಆಮೇಲೆ ಬಸ್ಸಿನ ಕಂಡಕ್ಟರುಗಳನ್ನು, ಲಾರಿಯವರನ್ನು ಹಿಡಿದು ನಿಲ್ಲಿಸಿ, ಆ ಗಂಡಸು ಎಲ್ಲಿದ್ದಾನೆ, ಹೇಗಿದ್ದಾನೆ ಎಂದು ಖಾತ್ರಿ ಮಾಡಿಕೊಂಡೇ ತೊಡಿಸುತ್ತಿದ್ದಳು. ಹೀಗಾಗಿ ಸುತ್ತಲಿನ ಹಳ್ಳಿಗಳಲ್ಲಿ ಒಂದು ನಂಬಿಕೆ ಬೆಳೆದುಬಿಟ್ಟಿತ್ತು. ಬಡೇಬೀ ಬಳೆ ತೊಡಿಸಿದಳೆಂದರೆ ಗಂಡ ಎಲ್ಲೋ ಗಟ್ಟಿಯಾಗಿದ್ದಾನೆ ಎಂದೇ ಲೆಕ್ಕ. ಅವಳದೇ ಕೈಗಳು ಮಾತ್ರ ಬರಿದಾಗಿದ್ದವು. ಗಂಡ ಶಾಮೀದಸಾಬ ಲಾರಿಯ ಕ್ಲೀನರ್ ಆಗಿದ್ದವನು, ಮಗ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದ.

ಆ ಮಗನೇ ಮೀರಾಹುಸೇನ. ಬಳೆ ಮಾರಿ ಓದಿಸಿದಳು, ಎಪ್ಪತ್ತಾರರಲ್ಲಿ ಪೊಲೀಸ್ ಪೇದೆಯ ಕೆಲಸ ಸಿಕ್ಕಿತು, ಎರಡು ವರ್ಷಕ್ಕೆ ತನ್ನೂರಿನ ಠಾಣೆಗೇ ಬಂದ. ಬೇವಿನ ಮರದ ಕೆಳಗೆ ತಾಯಿ, ರಸ್ತೆಯಾಚೆ ಖಾಕಿಯಲ್ಲಿ ಮಗ. ಬಡೇಬೀಯ ಹೆಮ್ಮೆ ಯಾವ ಮಟ್ಟದ್ದೆಂದರೆ, ಬಳೆ ತೊಡಿಸುತ್ತಿದ್ದವಳು ನಡುವೆಯೇ ಕೈ ಬಿಟ್ಟು, "ನೋಡು ನೋಡು, ಅಂವನ ನನ್ನ ಮಗ" ಎಂದು ತೋರಿಸುತ್ತಿದ್ದಳು. ದಿನಾ ನೋಡಿದ್ದನ್ನೇ ನೋಡಿ ಸಾಕಾದ ಹೆಂಗಸರು "ಹೌದವ್ವಾ ಹೌದು" ಎಂದು ತಲೆಯಾಡಿಸುತ್ತಿದ್ದರು.

ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ಅಕ್ಕಿ ಗಿರಣಿಯ ಮೋಟಾರಿನ ತಾಮ್ರದ ತಂತಿ ಕಳುವಾಯಿತು. ಗಿರಣಿಯ ಹಮಾಲ ಮೂಕಪ್ಪನ ಮೇಲೆ ಅನುಮಾನ ಎಂದು ಮಾಲೀಕ ಶಂಭುಲಿಂಗಪ್ಪ ಠಾಣೆಗೆ ಹೇಳಿದ. ಅನುಮಾನಕ್ಕೆ ಕಾರಣ ಕೇಳಿದರೆ, ಮೂಕಪ್ಪ ಹಿಂದಿನ ವಾರ ಕೂಲಿಯ ಬಗ್ಗೆ ಎದುರು ಮಾತಾಡಿದ್ದ, ಅಷ್ಟೆ. ಸಬ್ ಇನ್ಸ್‌ಪೆಕ್ಟರನನ್ನು ಆ ಊರಿನಲ್ಲಿ ನಿಜಾಮನ ಕಾಲದ ರೂಢಿಯಂತೆ ಜನ ಇನ್ನೂ ಅಮೀನಸಾಬ ಎನ್ನುತ್ತಿದ್ದರು. ಅಮೀನಸಾಬನು ಮೂಕಪ್ಪನನ್ನು ಮಧ್ಯಾಹ್ನ ಎಳೆದು ತರಿಸಿದ. ಸಂಜೆಯ ಹೊತ್ತಿಗೆ ಠಾಣೆಯ ಜೀಪು ಹಿಂದಿನ ಪರದೆ ಇಳಿಬಿಟ್ಟುಕೊಂಡು ಹೊರಗೆ ಹೋಗಿ ಬಂತು. ತಂತಿ ನಾಲ್ಕು ದಿನದ ಮೇಲೆ ಗಿರಣಿಯದೇ ಹೊಟ್ಟಿನ ರಾಶಿಯಲ್ಲಿ ಸಿಕ್ಕಿತು ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ.

ಮರುದಿನ ಬೆಳಗ್ಗೆ ಮೀರಾಹುಸೇನ ಮನೆಗೆ ಬಂದವನು ಹಂಡೆಯ ಮುಂದೆ ಕೂತು ಕೈ ತೊಳೆಯತೊಡಗಿದ. ತೊಳೆದ, ಒರೆಸಿಕೊಂಡ, ಮತ್ತೆ ತೊಳೆದ. ಬಡೇಬೀ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಳು.

"ಏನಾತೋ ಮೀರಾ?"

"ಅಮ್ಮಾ, ಆ ಹಮಾಲ ಮೂಕಪ್ಪ... ಅವನ ಕಾಲು ನಾ ಹಿಡಕೊಂಡಿದ್ದೆ. ಅಮೀನಸಾಬ ಬಡಿಯಾಕತ್ತಿದ್ದ. ಬಿಗಿ ಹಿಡಿ ಅಂದ, ಹಿಡದೆ. ಮೊದಲ ಒದ್ದಾಡತಿದ್ದ. ಆಮ್ಯಾಲ ಒದ್ದಾಡೂದು ನಿಂತಿತು. ನಾ ಸುಮ್ಮನಾದ ಅಂತ ತಿಳಕೊಂಡೆ." ಅವನು ಮತ್ತೆ ನೀರಿಗೆ ಕೈ ಹಾಕಿದ. "ಹಳ್ಳದ ಉಸುಕಿನ್ಯಾಗ ಹೂಳಿ ಬಂದೀವಿ. ನಾ ದೇವದುರ್ಗಕ್ಕ ಹೋಗಿ ದೊಡ್ಡ ಸಾಹೇಬರ ಮುಂದ ಹೇಳಿಬಿಡ್ತೀನಮ್ಮಾ. ಈಗಿನ ಬಸ್ಸಿಗೇ ಹೋಗ್ತೀನಿ."

ಯೋಚಿಸಲು ಬಡೇಬೀಗೆ ವೇಳೆಯೇ ಸಿಗಲಿಲ್ಲ, ಸಿಕ್ಕಿದ್ದರೂ ಬೇರೆ ಏನು ಮಾಡುತ್ತಿದ್ದಳೋ ಹೇಳಲಾರೆ. ಹಿಟ್ಟು ಮೆತ್ತಿದ ಅಂಗೈಯನ್ನು ಮಗನ ಬಾಯಿಗೆ ಒತ್ತಿ ಹಿಡಿದಳು.

"ಯಾರ ಮುಂದೂ ಉಸುರಬ್ಯಾಡ. ನೀ ಏನೂ ನೋಡಿಲ್ಲ, ನಿನಗ ಏನೂ ಗೊತ್ತಿಲ್ಲ. ನನಗ ಇರೂದು ನೀ ಒಬ್ಬಾಂವ. ಕೇಳಿದೇನು?"

ಅವನು ತಲೆಯಾಡಿಸುವ ತನಕ ಅವಳು ಕೈ ತೆಗೆಯಲಿಲ್ಲ.

ಮೂಕಪ್ಪನ ಹೆಂಡತಿ ಗೋಪಮ್ಮ ಕುರ್ಡಿ ಎಂಬ ಹಳ್ಳಿಯ ಮಗಳು. ಮದುವೆಯಾಗಿ ಮೂರು ವರ್ಷ, ಮಕ್ಕಳಿರಲಿಲ್ಲ. ಗಂಡ ಠಾಣೆಯಿಂದ ತಪ್ಪಿಸಿಕೊಂಡು ಆಂಧ್ರದ ಕಡೆ ಓಡಿಹೋಗಿದ್ದಾನೆ ಎಂದು ಅಮೀನಸಾಬ ಅವಳಿಗೆ ಹೇಳಿದ. ಕೇಳಿ ಅವಳು ಹೋಗಿಬಿಡಲಿಲ್ಲ. ದಿನಾ ಬೆಳಗ್ಗೆ ರಸ್ತೆ ಕೆಲಸದಲ್ಲಿ ಖಡಿಕಲ್ಲು ಒಡೆದು, ಇಳಿಹೊತ್ತಿಗೆ ಬಂದು ಠಾಣೆಯ ಬಾಗಿಲಿಗೆ ಕಣ್ಣು ನೆಟ್ಟು ಕೂರುತ್ತಿದ್ದಳು. ಎಲ್ಲಿ? ಬೇವಿನ ಮರದ ಕೆಳಗೆ, ಬಡೇಬೀಯ ತಟ್ಟಿಗೆ ಆತುಕೊಂಡು. ಊರಲ್ಲಿ ಬೇರೆ ನೆರಳು ಇರಲಿಲ್ಲವೇ ಎಂದು ಬಡೇಬೀ ಮನಸ್ಸಿನಲ್ಲೇ ದೇವರನ್ನು ಕೇಳುತ್ತಿದ್ದಳು.

"ಅಮ್ಮಾ, ಆಂಧ್ರದಿಂದ ಬರೂ ಗದ್ವಾಲ ಬಸ್ಸಿನವರನ್ನ ಕೇಳಿದೇನು?" ಗೋಪಮ್ಮ ದಿನಾ ಕೇಳುತ್ತಿದ್ದಳು. "ನೀ ಕೇಳಿದ್ರ ಅವರು ಹೇಳ್ತಾರ."

"ಕೇಳಾಕತ್ತೀನಿ ತಂಗೀ."

ಇಷ್ಟು ಹೇಳಿ ಬಡೇಬೀ ಬಳೆ ಜೋಡಿಸುವುದಕ್ಕೆ ತಿರುಗುತ್ತಿದ್ದಳು. ಬೈಗುಳವೂ ಬರುತ್ತಿರಲಿಲ್ಲ. ಬಡೇಬೀ ಬೈಯುವುದನ್ನು ಬಿಟ್ಟಿದ್ದಾಳೆ, ಮೈಯಲ್ಲಿ ಹುಷಾರಿಲ್ಲವೇನೋ ಎಂದು ಹೆಂಗಸರು ಮಾತಾಡಿಕೊಂಡರು. ಗೋಪಮ್ಮನ ಕೈಬಳೆಗಳು ಖಡಿ ಒಡೆಯುವಾಗ ಒಂದೊಂದೇ ಹೋಗಿ, ಒಂದು ಕೈಯಲ್ಲಿ ಒಂದು, ಇನ್ನೊಂದರಲ್ಲಿ ಒಂದು ಉಳಿದಿದ್ದವು. ತೊಡಿಸು ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಖಾತ್ರಿಯಾದ ದಿನ ಬಡೇಬೀ ತಾನಾಗಿಯೇ ಕರೆಯುತ್ತಾಳೆಂದು ಕಾಯುತ್ತಿದ್ದಳು. ಮಗನಂತೂ ಡ್ಯೂಟಿ ಮುಗಿಸಿ ಹಿಂದಿನ ಬಾಗಿಲಿನಿಂದ ಮನೆಗೆ ಹೋಗುತ್ತಿದ್ದ, ಬೇವಿನ ಮರದ ಕಡೆ ಮುಖ ಹಾಕುತ್ತಿರಲಿಲ್ಲ.

ಬೇಸಿಗೆ ಕಾಲಿಡುವ ಹೊತ್ತಿಗೆ ಊರಿಗೊಂದು ಸುದ್ದಿ ಬಂತು. ಪರದೇಶದಿಂದ ಒಂದು ನಿಯೋಗ ದೆಹಲಿಗೆ ಬಂದಿದೆ, ಪೊಲೀಸ್ ವ್ಯವಸ್ಥೆಯ ಸುಧಾರಣೆ, ಬಂಧಿತರ ಹಕ್ಕು ಎಂದೆಲ್ಲ ಸರಕಾರದ ಜೊತೆ ಮಾತುಕತೆ ನಡೆಸಿದೆ, ಈಗ ರಾಯಚೂರಿಗೆ ಬಂದು ಅಲ್ಲಿಂದ ಒಂದು ಸಣ್ಣ ಊರಿನ ಠಾಣೆಯನ್ನೂ ನೋಡುತ್ತದೆ. ಯಾವ ದೇಶದವರೋ ಏನೋ, ಬಸರಿಗಟ್ಟಿಯವರಿಗೆ ಬಿಳಿಯರೆಲ್ಲ ಲಂಡನ್ನಿನವರೇ. ಮೂಕಪ್ಪನ ವಿಷಯವನ್ನು ರಾಯಚೂರಿನ ವಕೀಲರೊಬ್ಬರು ನಿಯೋಗದ ಕಿವಿಗೆ ಹಾಕಿದ್ದರು. ಎರಡು ಸರಕಾರಗಳ ನಡುವಿನ ಮಾತು, ನಾಜೂಕಿನದು. ಬೇಡ ಎನ್ನುವಂತಿಲ್ಲ, ಬನ್ನಿ ಎನ್ನುವ ಮನಸ್ಸಿಲ್ಲ. ಕಡೆಗೆ ಮೇಲಿನವರು ಬನ್ನಿ ಎಂದರು, ಕೆಳಗಿನವರು ಸುಣ್ಣ ತರಿಸಿದರು.

ಠಾಣೆ ಮದುವೆ ಮನೆಯಾಯಿತು. ಲಾಕಪ್ಪಿನ ಗೋಡೆಗೆ ಸುಣ್ಣ, ಮೂಲೆಗೆ ಹೊಸ ಮಣ್ಣಿನ ಕೊಡ, ಬಾಗಿಲ ಮೇಲೆ ಬಂಧಿತರ ಹಕ್ಕುಗಳನ್ನು ಬರೆದ ಬೋರ್ಡು. ಆ ಹಕ್ಕುಗಳ ಬಣ್ಣ ಇನ್ನೂ ಹಸಿಯಾಗಿತ್ತು, ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಅಮೀನಸಾಬ ಬಡೇಬೀಯನ್ನು ಒಳಗೆ ಕರೆಸಿದ.

"ಬಡೇಬೀ, ನಾಡಿದ್ದು ಪರದೇಶದ ಮಂದಿ ಬರ್ತಾರ. ಆ ಮೂಕಪ್ಪನ ಹೆಂಡತಿಗಿ ಕೈ ತುಂಬ ಹಸಿರು ಬಳಿ ತೊಡಸು. ಗಂಡ ಇರೂ ಹೆಣ್ಣುಮಗಳು ಹಂಗ ಬರಿಗೈಲೆ ಕೂತ್ರ ಚಂದ ಕಾಣೂದಿಲ್ಲ. ಬರೂ ಮೇಡಮ್ಮಿಗೂ ನಾಕು ತೊಡಸೀವಂತ, ಖುಷಿ ಆಗ್ತಾಳ."

"ಖಾತ್ರಿ ಇಲ್ಲದ ನಾ ಯಾರಿಗೂ ತೊಡಸಂಗಿಲ್ರಿ ಸಾಹೇಬ್ರ. ನಿಮಗೂ ಗೊತ್ತದ."

"ಅದಕ್ಕಾಗೇ ನಿನ್ನ ಕೈಲೆ ತೊಡಸಾಕತ್ತೀನಿ." ಅಮೀನಸಾಬ ನಕ್ಕ. ಅವನು ದನಿಯೇರಿಸುವ ಮನುಷ್ಯನಲ್ಲ, ಜನ ಅವನಿಗೆ ಹೆದರುತ್ತಿದ್ದುದು ಅದಕ್ಕೇ. "ನೀ ತೊಡಿಸಿದಿ ಅಂದ್ರ ಊರೆಲ್ಲ ನಂಬತದ, ಆಕೀನೂ ನಂಬತಾಳ. ಇಲ್ಲ ಅಂತಿ ಅಂದ್ರ, ಕಾಲು ಹಿಡದಾಂವ ಯಾರು ಅಂತ ಕೇಳಬೇಕಾಗ್ತದ. ಹೊಡದದ್ದು ಯಾರೂ ನೋಡಿಲ್ಲ. ಹಿಡದದ್ದು ನಿನ್ನ ಮಗಾನೇ ನಿನ್ನ ಮುಂದ ಹೇಳ್ಯಾನ, ನಿನ್ನ ಮಾರಿ ನೋಡಿದ್ರ ತಿಳೀತದ, ಹೌದಿಲ್ಲೋ?"

ಬಡೇಬೀ ಹೊರಗೆ ಬಂದಾಗ ಅವಳಿಗೆ ಬಿಸಿಲೂ ಕಾಣಲಿಲ್ಲ, ರಸ್ತೆಯೂ ಕಾಣಲಿಲ್ಲ. ಒಂದು ಕಡೆ ಹೊಟ್ಟೆಯ ಮಗ, ಇನ್ನೊಂದು ಕಡೆ ದಿನಾ ತಟ್ಟಿಗೆ ಆತು ಕೂರುವ ಹುಡುಗಿ. ಅವಳು ಮಗನನ್ನು ಆರಿಸಿಕೊಂಡಳು. ತಾಯಿಯಾದವಳು ಎಂದು ನಾವು ನೀವು ತಲೆಯಾಡಿಸಬಹುದು. ಅವಳಿಗೆ ಮಾತ್ರ ಆ ಸಮಾಧಾನವೂ ಇರಲಿಲ್ಲ.

ಸಂತೆಯ ದಿನ ಅವಳು ಗೋಪಮ್ಮನನ್ನು ಕರೆದಳು. "ಬಾ ತಂಗೀ, ಕೈ ಕೊಡು. ಬಳಿ ತೊಡಸ್ತೀನಿ."

ಗೋಪಮ್ಮ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಲ್ಲೇ ಅಳತೊಡಗಿದಳು. ಅಳು ಯಾವಾಗ ನಗುವಾಯಿತೋ ತಿಳಿಯಲಿಲ್ಲ.

"ಬದುಕ್ಯಾನ! ಸುದ್ದಿ ಬಂತು ಹೌದಲ್ಲಮ್ಮಾ? ಯಾರು ಹೇಳಿದ್ರು? ಎಲ್ಲಿ ಅದಾನ? ಬ್ಯಾಡ, ಹೇಳಬ್ಯಾಡ, ಪೊಲೀಸರ ಕಿವಿಗಿ ಬೀಳ್ತದ. ಇದ್ದಾನಲ್ಲ, ಸಾಕು ನನಗ!"

ಸುತ್ತ ಕೂತಿದ್ದ ಹೆಂಗಸರು ಕೂಡ ಕಣ್ಣೊರೆಸಿಕೊಂಡರು. ಒಬ್ಬಳು ಸೆರಗಿನ ಗಂಟಿನಿಂದ ಬೆಲ್ಲ ತೆಗೆದು ಗೋಪಮ್ಮನ ಬಾಯಿಗಿಟ್ಟಳು. ಬಡೇಬೀ ಬೈಯಲಿಲ್ಲ, ನಗಿಸಲಿಲ್ಲ. ಬೈಯುವ ಅಗತ್ಯವೂ ಬೀಳಲಿಲ್ಲ; ಸಂತೋಷಕ್ಕೆ ಆ ಹುಡುಗಿಯ ಕೈ ಬೆಣ್ಣೆಯಂತೆ ಮೆತ್ತಗಾಗಿತ್ತು, ಬಳೆಗಳು ತಾವಾಗಿ ಒಳಗೆ ಹೋದವು. ತೊಡಿಸಿ ಮುಗಿದ ಮೇಲೆ ಗೋಪಮ್ಮ ವಾಡಿಕೆಯಂತೆ ಬಗ್ಗಿ ಕಾಲು ಮುಟ್ಟಿ ನಮಸ್ಕರಿಸಿದಳು. ಮುತ್ತೈದೆಯಾಗಿ ಬಾಳು ಎಂದು ಹರಸುವುದು ಬಳೆಗಾರ್ತಿಯ ಪಾಲಿನ ಮಾತು. ಬಡೇಬೀ ತುಟಿ ಅಲ್ಲಾಡಿಸಿದಳು, ದನಿ ಹೊರಡಲಿಲ್ಲ. ಗೋಪಮ್ಮ ಅದನ್ನು ಗಮನಿಸುವ ಸ್ಥಿತಿಯಲ್ಲಿ ಇರಲಿಲ್ಲ.

ನಿಯೋಗ ಬಂದ ದಿನ ಠಾಣೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬಂದವರಲ್ಲಿ ಮುಖ್ಯರಾದವರು ಇಬ್ಬರು. ಒಬ್ಬ ನರೆಗೂದಲಿನ ಎತ್ತರದ ಮನುಷ್ಯ, ತನ್ನ ದೇಶದಲ್ಲಿ ಪೊಲೀಸ್ ಮುಖ್ಯಸ್ಥನಾಗಿ ನಿವೃತ್ತನಾದವನು. ಇನ್ನೊಬ್ಬಳು ರಾಯಭಾರ ಕಚೇರಿಯ ಮೇಡಂ. ಜೊತೆಗೆ ದೆಹಲಿಯ ಒಬ್ಬ ಅಧಿಕಾರಿ, ರಾಯಚೂರಿನ ದೊಡ್ಡ ಪೊಲೀಸ್ ಸಾಹೇಬರು, ಮಾತು ತಿಳಿಸಿ ಹೇಳಲು ರಾಯಚೂರಿನ ಕಾಲೇಜಿನ ಮೇಷ್ಟ್ರು ಹಂಪಣ್ಣ. ಬಡೇಬೀ ಬಳೆ ಪೋಣಿಸಿದ ಮಲಾರವನ್ನು ತೊಡೆಯ ಮೇಲಿಟ್ಟುಕೊಂಡು ಶಾಮಿಯಾನದ ಕಂಬದ ಬಳಿ ಕೂತಿದ್ದಳು. ಮೀರಾಹುಸೇನ ಲಾಕಪ್ಪಿನ ಬಾಗಿಲಲ್ಲಿ ಕಾವಲು ನಿಂತಿದ್ದ.

ನರೆಗೂದಲಿನವನು ಎಲ್ಲವನ್ನೂ ನಿಧಾನವಾಗಿ ನೋಡಿದ. ಲಾಕಪ್ಪಿನೊಳಗೆ ಹೋಗಿ ಬಗ್ಗಿ ನೆಲ ನೋಡಿದ. ಹೊರಗೆ ಬಂದು ಮೀರಾಹುಸೇನನ ಮುಂದೆ ನಿಂತು ಏನೋ ಕೇಳಿದ.

"ಮೇಲಿನವರು ತಪ್ಪು ಹುಕುಂ ಕೊಟ್ರ ಏನು ಮಾಡಬೇಕಂತ ನಿಮಗ ತರಬೇತಿಯೊಳಗ ಕಲಿಸ್ಯಾರ? ಅಂತ ಕೇಳ್ತಾರ," ಎಂದ ಹಂಪಣ್ಣ.

ಮೀರಾಹುಸೇನ ಎದುರಿನ ಗೋಡೆ ನೋಡುತ್ತ, "ಹುಕುಂ ನಡಸಬೇಕಂತ ಕಲಿಸ್ಯಾರ್ರಿ" ಎಂದ.

ಆ ಮನುಷ್ಯ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಮುಂದೆ ಸರಿದ. ದೆಹಲಿಯ ಅಧಿಕಾರಿ ತರಬೇತಿಯನ್ನು ಹೊಸದಾಗಿ ರೂಪಿಸುತ್ತಿದ್ದೇವೆ, ಎರಡೂ ದೇಶಗಳ ಸಹಕಾರದಿಂದ ಎಂದೆಲ್ಲ ಹೇಳತೊಡಗಿದ. ಮಾತು ಬಹಳ ಮೆತ್ತಗಿತ್ತು.

ಆಮೇಲೆ ಗೋಪಮ್ಮನನ್ನು ಕರೆದರು. ಅವಳು ತೊಳೆದ ಸೀರೆ ಉಟ್ಟು, ಹಣೆತುಂಬ ಕುಂಕುಮ ಇಟ್ಟು ಬಂದಿದ್ದಳು. ಮೇಡಂ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಗಂಡನಿಗೆ ಏನಾಯಿತೆಂದು ನೀವು ತಿಳಿದಿದ್ದೀರಿ ಎಂದು ಹಂಪಣ್ಣನಿಂದ ಕೇಳಿಸಿದಳು. ಹೆದರಬೇಡಿ ಎಂದೂ ಹೇಳಿಸಿದಳು.

"ನನಗ್ಯಾತರ ಹೆದರಿಕಿ? ನನ ಗಂಡ ಬದುಕ್ಯಾನ್ರಿ," ಎಂದಳು ಗೋಪಮ್ಮ. ಅವಳ ಮುಖದಲ್ಲಿ ಕಪಟವಿರಲಿಲ್ಲ, ಯಾರೂ ಕಲಿಸಿಕೊಟ್ಟ ಮಾತಾಗಿರಲಿಲ್ಲ ಅದು. "ಒಂದಿನ ಬರ್ತಾನ. ಬಂದ್ಮ್ಯಾಲ ಅವನ್ನ ಹೊಡೀಬ್ಯಾಡ್ರಿ ಅಂತ ಇವರಿಗಿ ಹೇಳ್ರಿ. ಅಂವ ಕಳ್ಳ ಅಲ್ಲ."

ಬದುಕಿದ್ದಾನೆಂದು ನಿಮಗೆ ಹೇಗೆ ಗೊತ್ತು ಎಂದು ಮೇಡಂ ಕೇಳಿಸಿದಳು. ಗೋಪಮ್ಮ ಎರಡೂ ಕೈ ಎತ್ತಿ ಬಳೆ ಅಲ್ಲಾಡಿಸಿ ತೋರಿಸಿದಳು. ಬಡೇಬೀ ಕೂತಿದ್ದ ಕಂಬದ ಕಡೆ ಬೆರಳು ಮಾಡಿದಳು.

"ಈ ಅಮ್ಮ ತೊಡಿಸ್ಯಾಳ. ಖಾತ್ರಿ ಇಲ್ಲದ ಈಕಿ ತೊಡಸಂಗಿಲ್ಲ. ಬೇಕಂದ್ರ ಊರಾಗ ಯಾರನ್ನಾರ ಕೇಳ್ರಿ!"

ಅಮೀನಸಾಬ ಮುಂದೆ ಬಂದು ಇಂಗ್ಲಿಷಿನಲ್ಲಿ ಈ ಸೀಮೆಯ ಪದ್ಧತಿಯನ್ನು ವಿವರಿಸಿದ. ಗಂಡ ಸತ್ತರೆ ಹೆಂಗಸರು ಬಳೆ ತೊಡುವುದಿಲ್ಲ, ಬಳೆಗಾರ್ತಿ ತೊಡಿಸುವುದೂ ಇಲ್ಲ, ಇದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕೇ ಎಂದ. ಮೇಡಂ ತಲೆಯಾಡಿಸಿ ಬರೆದುಕೊಂಡಳು. ದೊಡ್ಡ ಸಾಹೇಬರು ಉಸಿರು ಬಿಟ್ಟರು, ಚಹಾ ತರಲು ಸನ್ನೆ ಮಾಡಿದರು. ಬಡೇಬೀ ಕಣ್ಣು ಮುಚ್ಚಿ ಮನಸ್ಸಿನಲ್ಲಿ, ಮುಗೀತು, ಇವರು ಹೋಗಲಿ, ಬೇಗ ಹೋಗಲಿ ಎಂದುಕೊಂಡಳು.

ಮೇಡಂ ಹೋಗಲಿಲ್ಲ. ಅಮೀನಸಾಬ ಹೇಳಿಟ್ಟಿದ್ದಂತೆ ಹಂಪಣ್ಣ ಅವಳನ್ನು ಬಡೇಬೀಯ ಎದುರಿಗೆ ಕರೆತಂದ. ಮೇಡಂ ನೆಲದ ಮೇಲೆ ಮಂಡಿಯೂರಿ ಕೂತು, ನಗುತ್ತ ಬಿಳಿ ಕೈಯನ್ನು ಚಾಚಿದಳು. ಗೋಪಮ್ಮ ಓಡಿಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಕೈ ಸಡ್ಲ ಬಿಡ್ರಿ ಮೇಡಂ, ನೋವಾಗಂಗಿಲ್ಲ. ನಮ್ಮ ಬಡೇಬೀ ಅಮ್ಮನ ಕೈಯಾಗ ಬಳಿ ಒಡಿಯಂಗಿಲ್ಲ," ಎಂದಳು.

ಬಡೇಬೀ ಮೊದಲ ಬಳೆ ಏರಿಸಿದಳು. ಗೆಣ್ಣಿನ ಹತ್ತಿರ ಚಟ್ಟನೆ ಒಡೆಯಿತು. ಇನ್ನೊಂದು ತೆಗೆದಳು, ಅದೂ ಒಡೆಯಿತು. ಮೂರನೆಯದರ ಚೂರು ಮೇಡಮ್ಮಿನ ಚರ್ಮಕ್ಕೆ ತಾಗಿ ರಕ್ತದ ಗೆರೆ ಮೂಡಿತು. ಅಮೀನಸಾಬ "ಸಾಕು, ಎದ್ದು ಹೋಗು" ಎಂದ. ಬಡೇಬೀ ನಾಲ್ಕನೆಯ ಬಳೆಗೆ ಕೈ ಹಾಕಿದಳು.

"ಯಾಕಮ್ಮಾ, ಏನಾತು?" ಗೋಪಮ್ಮ ಅವಳ ಮೊಣಕೈ ಹಿಡಿದಳು. "ಮೈಯಾಗ ಆರಾಮಿಲ್ಲೇನು? ನೀರು ತರ್ಲಾ?"

ಈ ಮಾತು ಬಡೇಬೀಯನ್ನು ಮುರಿಯಿತು. ಅಮೀನನ ಬೆದರಿಕೆಯನ್ನು ತಡೆದುಕೊಂಡಿದ್ದಳು, ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತ ಕಣ್ಣುಗಳನ್ನೂ ತಡೆದುಕೊಂಡಿದ್ದಳು. ತನಗೆ ನೀರು ತರಲು ಎದ್ದ ಹುಡುಗಿಯನ್ನು ತಡೆದುಕೊಳ್ಳಲು ಆಗಲಿಲ್ಲ.

"ಕೂಡು ತಂಗೀ," ಎಂದಳು. "ನಾ ನಿನಗ ಸುಳ್ಳು ಬಳಿ ತೊಡಿಸೀನಿ. ನಿನ್ನ ಗಂಡ ಇಲ್ಲ. ಠಾಣೆದಾಗ ಹೊಡದು ಕೊಂದಾರ."

ಮೇಡಂ ಹಂಪಣ್ಣನ ಕಡೆ ತಿರುಗಿದಳು. ಅವನು ದೊಡ್ಡ ಸಾಹೇಬರ ಮುಖ ನೋಡಿದ, ದೆಹಲಿಯವನ ಮುಖ ನೋಡಿದ. ಮೇಡಂ ಮತ್ತೊಮ್ಮೆ ಗಡುಸಾಗಿ ಕೇಳಿದಾಗ, ತಲೆ ತಗ್ಗಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಈ ಮುದುಕಿಗಿ ತಲಿ ಕೆಟ್ಟದ," ಎಂದ ಅಮೀನಸಾಬ. ಆಮೇಲೆ ಬಡೇಬೀಯ ಹತ್ತಿರ ಬಗ್ಗಿ, ಮೆಲ್ಲಗೆ, "ನಿನಗ ಹೆಂಗ ಗೊತ್ತು? ಹೇಳು. ಯಾರು ಹೇಳಿದ್ರು ನಿನಗ?" ಎಂದ.

ಅವನಿಗೆ ಗೊತ್ತಿತ್ತು, ಈ ಪ್ರಶ್ನೆಗೆ ಅವಳಲ್ಲಿ ಇರುವುದು ಒಂದೇ ಉತ್ತರ. ಬಡೇಬೀ ಲಾಕಪ್ಪಿನ ಬಾಗಿಲ ಕಡೆ ನೋಡಿದಳು. ಮೀರಾಹುಸೇನ ನೆಟ್ಟಗೆ ನಿಂತಿದ್ದ, ಟೋಪಿಯ ಕೆಳಗಿನಿಂದ ಬೆವರು ಇಳಿಯುತ್ತಿತ್ತು. ಅವಳಿಗೆ ಆ ಕ್ಷಣ ಮಗನ ಮೇಲೆ ಬಂದಂಥ ಪ್ರೀತಿ ಅವನು ಹುಟ್ಟಿದ ದಿನವೂ ಬಂದಿರಲಿಲ್ಲ.

"ನನ್ನ ಮಗ ಹೇಳಿದ," ಎಂದಳು. "ಅಲ್ಲಿ ನಿಂತಾನಲ್ಲ, ಅಂವ. ಇವರು ಬಡಿಯೂ ಮುಂದ ಮೂಕಪ್ಪನ ಕಾಲು ಹಿಡದಾಂವ ನನ್ನ ಮಗ."

ನರೆಗೂದಲಿನವನು ಎದ್ದು ಮೀರಾಹುಸೇನನ ಬಳಿಗೆ ಹೋಗಿ ಎದುರಿಗೆ ನಿಂತ. ಮೀರಾಹುಸೇನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೌದ್ರಿ," ಎಂದ. "ಹಿಡದಿದ್ದೆ."

ಗೋಪಮ್ಮ ಕೂಗಿಕೊಳ್ಳಲಿಲ್ಲ. ಬಡೇಬೀಯ ಕಡೆ ತಿರುಗಿ, "ತೊಡಸೂ ಮುಂದ ನಿನಗ ಗೊತ್ತಿತ್ತು?" ಎಂದಳು.

"ಗೊತ್ತಿತ್ತು."

ಬಳೆಯನ್ನು ಕಲ್ಲಿಗೆ ಬಡಿದು ಒಡೆಯುತ್ತಾಳೆಂದು ಎಲ್ಲರೂ ಕಾದರು. ಗೋಪಮ್ಮ ಒಡೆಯಲಿಲ್ಲ. ಗೆಣ್ಣು ಕೆಂಪಾಗುವ ಹಾಗೆ ಒತ್ತಿ ಒತ್ತಿ, ಹಸಿರು ಬಳೆಗಳನ್ನು ಒಂದೊಂದಾಗಿ ಹೊರಗೆ ತೆಗೆದು ಬಡೇಬೀಯ ಉಡಿಗೆ ಹಾಕಿದಳು. "ಇವು ನನ್ನವಲ್ಲ, ನೀನ ಇಟ್ಕೊ," ಎಂದಳು. ಆಮೇಲೆ ಎದ್ದು ಮೀರಾಹುಸೇನನ ಮುಂದೆ ನಿಂತಳು. "ಎಲ್ಲಿ ಇಟ್ಟೀರಿ? ತೋರ್ಸು. ಮಣ್ಣು ಕೊಡಬೇಕು ನಾನು."

ದೊಡ್ಡ ಸಾಹೇಬರು ಇದಕ್ಕೆಲ್ಲ ಕ್ರಮವಿದೆ, ನಾಳೆ ಮ್ಯಾಜಿಸ್ಟ್ರೇಟರು ಬರಲಿ ಎಂದರು. ದೆಹಲಿಯವನು ಗಡಿಯಾರ ನೋಡಿಕೊಂಡು, ಹೈದರಾಬಾದಿನಿಂದ ವಿಮಾನವಿದೆ ಎಂದು ನೆನಪು ಮಾಡಿದ. ಮೇಡಂ ಶಾಮಿಯಾನದ ಕುರ್ಚಿಯಲ್ಲಿ ಹೋಗಿ ಕೂತಳು. ಗಾಯಕ್ಕೆ ಕರವಸ್ತ್ರ ಸುತ್ತಿಕೊಂಡು, ಮ್ಯಾಜಿಸ್ಟ್ರೇಟರು ಬರುವ ತನಕ ನಾನು ಇಲ್ಲಿಂದ ಏಳುವುದಿಲ್ಲ ಎಂದು ಹಂಪಣ್ಣನ ಬಾಯಿಂದ ಹೇಳಿಸಿದಳು. ದೇವದುರ್ಗಕ್ಕೆ ಜೀಪು ಓಡಿತು. ಹೊತ್ತು ಮುಳುಗುವ ಮೊದಲೇ, ಮೀರಾಹುಸೇನ ತೋರಿಸಿದ ಜಾಗದಲ್ಲಿ, ಹಳ್ಳದ ಉಸುಕಿನಿಂದ ಮೂಕಪ್ಪ ಹೊರಗೆ ಬಂದ. ಗೋಪಮ್ಮ ಅವನ ಸೊಂಟದ ಉಡದಾರದಿಂದ ಗುರುತು ಹಿಡಿದಳು.

ಇದಾದ ಮೇಲೆ ದೆಹಲಿಯಲ್ಲಿ ಎರಡು ಸರಕಾರಗಳ ಮಾತು ಸ್ವಲ್ಪ ಬಿಗಿಯಾಯಿತಂತೆ, ಮತ್ತೆ ಸಡಿಲಾಯಿತಂತೆ. ಸುಧಾರಣೆಯ ಕಾರ್ಯಕ್ರಮ ನಡೆಯಿತು. ಮೊಕದ್ದಮೆಯೂ ರಾಯಚೂರಿನಲ್ಲಿ ನಡೆಯಿತು. ಗೋಪಮ್ಮ ತವರೂರು ಕುರ್ಡಿಯಿಂದ ಮಾನ್ವಿಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಪ್ರತಿ ತಾರೀಖಿಗೂ ಬಂದಳು. ಕೋರ್ಟಿನ ಜಗಲಿಯಲ್ಲಿ ಬಡೇಬೀ ಕೂತ ಕಡೆಗೆ ಒಮ್ಮೆಯೂ ನೋಡಲಿಲ್ಲ. ಠಾಣೆಯ ಉಳಿದ ಪೇದೆಗಳು ತಾವು ಆ ದಿನ ಸಂತೆಯ ಬಂದೋಬಸ್ತಿಯಲ್ಲಿದ್ದೆವು ಎಂದರು. ಅಮೀನಸಾಬ ಹೊಡೆದದ್ದನ್ನು ಕಂಡವನು ಮೀರಾಹುಸೇನ ಒಬ್ಬನೇ, ಅವನೇ ಆರೋಪಿ. ಅಮೀನಸಾಬ ಅನುಮಾನದ ಲಾಭ ಪಡೆದು ಬಿಡುಗಡೆಯಾದ. ಮುಂದೆ ಎಲ್ಲೋ ತರಬೇತಿ ಶಾಲೆಯಲ್ಲಿ ಹೊಸ ಹುಡುಗರಿಗೆ ಬಂಧಿತರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಪಾಠ ಹೇಳುತ್ತಿದ್ದನೆಂದು ಕೇಳಿದಾಗ ನನ್ನ ಮೈ ಉರಿಯಿತು. ಹೌದು ಎಂದು ಒಪ್ಪಿಕೊಂಡವನು ಒಬ್ಬನೇ, ಶಿಕ್ಷೆಯೂ ಅವನೊಬ್ಬನಿಗೇ ಆಯಿತು, ಏಳು ವರ್ಷ.

ಊರು ಬಡೇಬೀಯನ್ನು ಎರಡು ಕಡೆಯಿಂದ ಹರಿದು ತಿಂದಿತು. ಸುಳ್ಳು ಬಳೆ ತೊಡಿಸಿದವಳು ಎಂದು ಕೆಲವರು, ಹೊಟ್ಟೆಯ ಮಗನನ್ನು ಜೈಲಿಗೆ ಹಾಕಿಸಿದವಳು ಎಂದು ಕೆಲವರು. ಅವಳ ಮುಂದೆ ಕೈ ಚಾಚುವವರು ಇಲ್ಲವಾದರು. ಅವಳು ಮಲಾರ ಮಾರಿ, ಮಾನ್ವಿಯ ಕಡೆ ಗದ್ದೆ ಕೆಲಸಕ್ಕೆ ಹೋಗತೊಡಗಿದಳು. ತಿಂಗಳಿಗೊಮ್ಮೆ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ರಾಯಚೂರಿನ ಜೈಲಿಗೆ ಹೋಗುತ್ತಿದ್ದಳು. ಬುತ್ತಿ ಒಳಗೆ ಹೋಗುತ್ತಿತ್ತು, ಮಗ ಹೊರಗೆ ಬರುತ್ತಿರಲಿಲ್ಲ. ಬರಲ್ಲ ಅಂತಾನ ಎಂದು ಕಾವಲಿನವನು ಬಂದು ಹೇಳುತ್ತಿದ್ದ. ಸಿಟ್ಟು ಬಂದಿರುವುದು ನ್ಯಾಯವೇ ಎಂದುಕೊಂಡು ಅವಳು ಬಸ್ ನಿಲ್ದಾಣಕ್ಕೆ ಹಿಂತಿರುಗುತ್ತಿದ್ದಳು. ಹೀಗೆ ಎರಡು ವರ್ಷದ ಮೇಲಾಯಿತು.

ಎಂಬತ್ತನಾಲ್ಕರ ಮಳೆಗಾಲದಲ್ಲಿ ಒಂದು ದಿನ ಮೀರಾಹುಸೇನ ಭೇಟಿಯ ಜಾಲರಿಯ ಆಚೆಗೆ ಬಂದು ನಿಂತ. ತಲೆ ಬೋಳಿಸಿದ್ದರು, ಮುಖ ಶಾಮೀದಸಾಬನ ಹಾಗೆಯೇ ಆಗಿತ್ತು. ಬಡೇಬೀ ಜಾಲರಿಗೆ ಅಂಟಿಕೊಂಡು, ಇಷ್ಟು ದಿನ ಬಾಯಿಪಾಠ ಮಾಡಿಟ್ಟುಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ನನ್ನ ಮಾಫ್ ಮಾಡು ಬೇಟಾ. ಅಷ್ಟು ಮಂದಿ ಮುಂದ ನಿನ್ನ ಹೆಸರು ತಗೊಂಡೆ. ತಾಯಿ ಆಗಿ ಅದನ್ನ ಮಾಡಬಾರದಿತ್ತು. ನನ್ನ ನಾಲಿಗಿ ಬಿದ್ದು ಹೋಗಲಿ."

ಅವಳು ಜಾಲರಿಯ ಕಂಡಿಯಲ್ಲಿ ಬೆರಳು ತೂರಿಸಿ ಅವನ ಕೆನ್ನೆ ಮುಟ್ಟಲು ನೋಡಿದಳು.

"ನೀ ಹೆಸರು ಹೇಳಿದ್ದಕ್ಕ ನನಗ ಸಿಟ್ಟಿಲ್ಲಮ್ಮಾ," ಎಂದ. "ಹೇಳಿದಿ ಅಂತ ನನಗ ಇಲ್ಲಿ ನಿದ್ದಿ ಬರ್ತದ. ಅವತ್ತ ಮುಂಜಾನಿ ನಾ ದೇವದುರ್ಗಕ್ಕ ಹೊಂಟಿದ್ದೆ. ಆಕಿ ಬಂದು ಗಿಡದ ಕೆಳಗ ಕೂಡೂಕ್ಕಿಂತ ಮೊದಲ ಹೋಗಿ ಹೇಳತಿದ್ದೆ. ನೀ ನನ್ನ ಬಾಯಿ ಮುಚ್ಚಿದಿ. ಇಷ್ಟು ವರ್ಷ ಆದ್ರೂ ಆ ಕೈ ನನ್ನ ಬಾಯಿ ಮ್ಯಾಲಿಂದ ತಗದಿಲ್ಲಮ್ಮಾ ನೀನು."

ಬಡೇಬೀ ಬೆರಳುಗಳನ್ನು ಜಾಲರಿಯಿಂದ ಹಿಂದಕ್ಕೆ ಎಳೆದುಕೊಂಡಳು.